ದೂರದ ಬೆಟ್ಟದ ಹೆಸರು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ದೂರದಿಂದ ನುಣ್ಣಗೆ ತೋರುವ ಬೆಟ್ಟವು ಹತ್ತಿರ ಹೋದಾಗ ಕಲ್ಲುಮುಳ್ಳುಗಳ ರಾಶಿಯಾಗಿರುತ್ತದೆಂಬುದು ಅದರ ತಾತ್ಪರ್ಯ. ಆದರೆ ಮುಂಬಯಿಯಲ್ಲಿ ವಾಸಿಸುವ ನಮಗೆ ದೂರದ ಬೆಟ್ಟವು ನುಣ್ಣಗಿರುವುದು ಮಾತ್ರವಲ್ಲ, ಹೆಸರಿಲ್ಲದ್ದೂ ಆಗಿದೆ. ಮಳೆಗಾಲ ಕಳೆದು ಆಕಾಶವು ತಿಳಿಯಾದ ದಿನ, ಕಲ್ಯಾಣದಾಚೆ ಸಾಗುವ ಲೋಕಲ್ ಗಾಡಿಯ ಕಿಟಕಿಯಿಂದ, ಸಾಲುಗಟ್ಟಿ ನಿಂತ ನೀಲಿ ಗುಡ್ಡಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ‘ಅದು ಯಾವ ಬೆಟ್ಟ?’ ಎಂದು ಯಾರಾದರೂ ಕೇಳಿದರೆ ‘ಯಾವುದೋ ಬೆಟ್ಟ’ ಎಂಬುದಷ್ಟೇ ನಮ್ಮ ಉತ್ತರ. ನಿಲ್ದಾಣಗಳ ಹೆಸರುಗಳನ್ನು ಚರ್ಚ್‌ಗೇಟಿನಿಂದ ವಿರಾರದವರೆಗೆ ಒಂದೇ ಉಸಿರಿನಲ್ಲಿ ಹೇಳಬಲ್ಲ ನಾವು, ನಮ್ಮ ನಗರಕ್ಕೆ ಮಳೆಯನ್ನೂ ಕುಡಿಯುವ ನೀರನ್ನೂ ಒದಗಿಸುವ ಸಹ್ಯಾದ್ರಿಯ ಒಂದು ಶಿಖರವನ್ನಾದರೂ ಗುರುತಿಸಲಾರೆವು.

ಈ ಕೊರತೆಯನ್ನು ನೀಗಿಸಲೆಂಬಂತೆ ಇತ್ತೀಚಿನ ವರ್ಷಗಳಲ್ಲಿ ಒಂದು ಸಾಧನವು ಬಳಕೆಗೆ ಬಂದಿದೆ. ಮೊಬೈಲನ್ನು ಬೆಟ್ಟದ ಕಡೆಗೆ ಹಿಡಿದರೆ, ಅಥವಾ ಹಿಂದೆ ತೆಗೆದ ಛಾಯಾಚಿತ್ರವನ್ನು ಅದರ ಮುಂದಿಟ್ಟರೆ, ಪ್ರತಿಯೊಂದು ಶಿಖರದ ಮೇಲೂ ಅದರ ಹೆಸರು, ಎತ್ತರ, ದೂರಗಳನ್ನು ಬರೆದು ತೋರಿಸುವ ತಂತ್ರಾಂಶವೇ ಅದು. ಪೀಕ್‌ಫೈಂಡರ್, ಪೀಕ್‌ವೈಸರ್ ಮೊದಲಾದ ಹೆಸರುಗಳಿಂದ ಅದು ದೊರೆಯುತ್ತದೆ. ಇದನ್ನು ಹೊಗಳುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ನಮ್ಮ ಅಭಿಪ್ರಾಯವನ್ನು ಹೇಳುವ ಮುನ್ನ ನಮ್ಮ ಅನುಭವವೊಂದನ್ನು ನಿವೇದಿಸುವುದು ಯೋಗ್ಯವೆಂದು ತೋರುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಯ ಪ್ರವಾಸವು ಮಾಥೇರಾನಕ್ಕೆ ಹೋಗಿತ್ತು. ಅಲ್ಲಿನ ಪನೋರಮಾ ಪಾಯಿಂಟಿನಲ್ಲಿ ನಿಂತಾಗ ಸುತ್ತಲೂ ಶಿಖರಗಳೇ ಶಿಖರಗಳು. ಇದು ಪೇಬ್ ಎಂದು ಒಬ್ಬನು, ಅದು ಚಂದೇರಿ ಎಂದು ಇನ್ನೊಬ್ಬಳು, ಎರಡೂ ಅಲ್ಲ, ಮಲಂಗಗಡವೆಂದು ಮತ್ತೊಬ್ಬನು ವಾದಿಸತೊಡಗಿದರು. ಅಧ್ಯಾಪಕರು ತಮ್ಮ ಮೊಬೈಲನ್ನು ತೆಗೆದು ಕಬ್ಬಿಣದ ಕಟಕಟೆಗೆ ಆನಿಸಿ ಹಿಡಿದರು. ಪರದೆಯ ಮೇಲೆ ಗೆರೆಗಳೂ ಹೆಸರುಗಳೂ ಮೂಡಿದವು. ಆದರೆ ಗೆರೆಯ ಬೆಟ್ಟ ಒಂದು ಕಡೆ, ನಿಜವಾದ ಬೆಟ್ಟ ಇನ್ನೊಂದು ಕಡೆ! ಯಂತ್ರವು ಬರಿದಾದ ಆಕಾಶಕ್ಕೆ ‘ಚಂದೇರಿ’ ಎಂದು ನಾಮಕರಣ ಮಾಡಿತ್ತು. ಎಲ್ಲರೂ ನಕ್ಕರು. ಅಧ್ಯಾಪಕರು ನಗಲಿಲ್ಲ, ಹತ್ತು ಹೆಜ್ಜೆ ಹಿಂದೆ ಸರಿದು ಮತ್ತೆ ಹಿಡಿದರು. ಈ ಸಲ ಗೆರೆಯೂ ಬೆಟ್ಟವೂ ಒಂದಾದವು.

ಇದರ ಕಾರಣವೇನು? ಈ ತಂತ್ರಾಂಶವು ಬೆಟ್ಟವನ್ನು ನಮ್ಮ ಹಾಗೆ ನೋಡಿ ಗುರುತಿಸುವುದಿಲ್ಲ. ನಾವು ಎಲ್ಲಿ ನಿಂತಿದ್ದೇವೆಂಬುದನ್ನು ಉಪಗ್ರಹಗಳ ಸಂಕೇತದಿಂದಲೂ, ಯಾವ ದಿಕ್ಕಿಗೆ ಮುಖ ಮಾಡಿದ್ದೇವೆಂಬುದನ್ನು ಮೊಬೈಲಿನೊಳಗಿನ ದಿಕ್ಸೂಚಿಯಿಂದಲೂ ಅದು ತಿಳಿಯುತ್ತದೆ. ಬಳಿಕ ತನ್ನಲ್ಲಿರುವ ಭೂಮಿಯ ಎತ್ತರಗಳ ಕೋಷ್ಟಕವನ್ನು ತೆರೆದು, ಆ ಸ್ಥಳದಿಂದ ಆ ದಿಕ್ಕಿಗೆ ದಿಗಂತವು ಹೇಗೆ ಕಾಣಬೇಕೆಂಬುದನ್ನು ಗಣಿತದಿಂದ ರಚಿಸುತ್ತದೆ. ಭೂಮಿಯ ದುಂಡುತನವನ್ನೂ ಅದು ಲೆಕ್ಕಕ್ಕೆ ಹಿಡಿಯಬೇಕು. ಏಕೆಂದರೆ ಬೆಳಕಿನ ಬಾಗನ್ನು ಬಿಟ್ಟು ಎಣಿಸಿದರೆ, ಐವತ್ತು ಕಿಲೋಮೀಟರ್ ದೂರದಲ್ಲಿ ನೆಲವು ಸುಮಾರು ೧೯೬ ಮೀಟರಿನಷ್ಟು ತಗ್ಗಿರುತ್ತದೆ. ಹೀಗೆ ಎಣಿಸಿದ ಗೆರೆಯನ್ನು ಚಿತ್ರದ ಮೇಲೆ ಹೊಂದಿಸಿ ಹೆಸರುಗಳನ್ನು ಬರೆಯುವುದೇ ಅದರ ಕೆಲಸ. ಕಬ್ಬಿಣವು ಸಮೀಪವಿದ್ದರೆ ದಿಕ್ಸೂಚಿಯು ದಿಕ್ಕು ತಪ್ಪುತ್ತದೆ. ಒಂದೇ ಒಂದು ಅಂಶದಷ್ಟು ತಪ್ಪಿದರೂ ಮೂವತ್ತು ಕಿಲೋಮೀಟರ್ ದೂರದಲ್ಲಿ ಅದು ಅರ್ಧ ಕಿಲೋಮೀಟರಿಗಿಂತ ಹೆಚ್ಚಿನ ವ್ಯತ್ಯಾಸ; ಒಂದು ಶಿಖರದ ಹೆಸರು ನೆರೆಯ ಶಿಖರಕ್ಕೆ ಅಂಟಿಕೊಳ್ಳಲು ಅಷ್ಟು ಸಾಕು.

ದಿಕ್ಸೂಚಿಯ ಈ ಸೂಕ್ಷ್ಮಸ್ವಭಾವವು ನಮ್ಮ ನಗರಕ್ಕೆ ಹೊಸತಲ್ಲ. ಕೊಲಾಬಾದಲ್ಲಿ ೧೮೨೬ರಲ್ಲಿ ಸ್ಥಾಪಿತವಾದ ವೇಧಶಾಲೆಯಲ್ಲಿ ಭೂಮಿಯ ಕಾಂತಶಕ್ತಿಯನ್ನು ೧೮೪೧ರಿಂದ ಅಳೆಯುತ್ತಿದ್ದರು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮುಗಳು ಓಡಲಿವೆಯೆಂದು ತಿಳಿದಾಗ, ಅವುಗಳ ಪ್ರವಾಹದಿಂದ ಅಳತೆಯು ಕೆಡುವುದೆಂದು ಬಗೆದು, ಆ ಕಾರ್ಯವನ್ನು ೧೯೦೪ರಲ್ಲಿ ಕಡಲಾಚೆಯ ಅಲಿಬಾಗದಲ್ಲಿ ಆರಂಭಿಸಿದರು. ಟ್ರಾಮು ಬಂದದ್ದು ೧೯೦೭ರಲ್ಲಿ. ಸತ್ಯವಾದ ಅಳತೆಗಾಗಿ ಒಂದು ವೇಧಶಾಲೆಯೇ ಸಮುದ್ರ ದಾಟಿ ಹೋಗಿರುವಾಗ, ನಾವು ಹತ್ತು ಹೆಜ್ಜೆ ಹಿಂದೆ ಸರಿಯಲು ಬೇಸರಪಡಬಾರದು.

ಬೆಟ್ಟಗಳನ್ನು ದೂರದಿಂದಲೇ ಅಳೆಯುವ ವಿದ್ಯೆಗೂ ನಮ್ಮ ಕನ್ನಡನಾಡಿಗೂ ಹಳೆಯ ನಂಟಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಮೈಸೂರು ಸೀಮೆಯ ಮೋಜಣಿಗೆ ತೊಡಗಿ, ೧೮೦೦ರಲ್ಲಿ ಬೆಂಗಳೂರಿನ ಬಳಿ ನೆಲದ ಮೇಲೆ ಒಂದು ಆಧಾರರೇಖೆಯನ್ನು ಅಳೆದನು. ೧೮೦೨ರಲ್ಲಿ ಮದ್ರಾಸಿನಿಂದ ಅವನು ಆರಂಭಿಸಿದ ತ್ರಿಕೋನಮಿತಿಯ ಮಹಾಮೋಜಣಿಯು ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆಯುತ್ತ ದಶಕಗಳ ಕಾಲ ಉತ್ತರಕ್ಕೆ ಸಾಗಿ ಹಿಮಾಲಯವನ್ನು ಮುಟ್ಟಿತು. ಆ ಕೆಲಸದಲ್ಲಿ ಜ್ವರದಿಂದಲೂ ಕಾಡುಮೃಗಗಳಿಂದಲೂ ಪ್ರಾಣ ತೆತ್ತ ಕೂಲಿಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಇಂದು ಅನೇಕ ತಂತ್ರಾಂಶಗಳಿಗೆ ಆಧಾರವಾಗಿರುವ ಎತ್ತರಗಳ ಕೋಷ್ಟಕವಾದರೋ, ೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಗಗನನೌಕೆಯು ಹನ್ನೊಂದು ದಿನಗಳ ಯಾನದಲ್ಲಿ ರೇಡಾರ್ ಅಲೆಗಳಿಂದ ಸಂಗ್ರಹಿಸಿದುದು. ಅಜ್ಜಂದಿರು ದಶಕಗಳಲ್ಲಿ ಮಾಡಿದುದನ್ನು ಮೊಮ್ಮಕ್ಕಳು ಹನ್ನೊಂದು ದಿನಗಳಲ್ಲಿ ಮಾಡಿದರು! ಆದುದರಿಂದ ಈ ಸಾಧನವನ್ನು ಬರಿಯ ಆಟಿಕೆಯೆಂದು ಹಳಿಯುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದು ಎರಡು ಶತಮಾನಗಳ ಪರಿಶ್ರಮದ ಫಲ.

ಆದರೂ ಅದರ ಮಾತೇ ಕೊನೆಯ ಮಾತೆಂದು ತಿಳಿಯುವುದು ಸಲ್ಲದು. ಇದಕ್ಕೆ ನಾವು ಮೂರು ಕಾರಣಗಳನ್ನು ಕೊಡುತ್ತೇವೆ.

ಮೊದಲನೆಯದಾಗಿ, ಅದರ ಕಣ್ಣು ಒರಟು. ಆ ಕೋಷ್ಟಕದಲ್ಲಿ ಎತ್ತರಗಳನ್ನು ಸುಮಾರು ಮೂವತ್ತು ಅಥವಾ ತೊಂಬತ್ತು ಮೀಟರುಗಳಿಗೊಂದರಂತೆ ಗುರುತಿಸಿರುತ್ತಾರೆ. ಅಗಲವಾದ ಪರ್ವತಕ್ಕೆ ಇದು ಸಾಕು; ಕಡಿದಾದ ಕಿರಿಯ ಬಂಡೆಗೆ ಸಾಲದು. ಅಂಧೇರಿಯ ಗಿಲ್ಬರ್ಟ್ ಬೆಟ್ಟವನ್ನೇ ನೋಡಿರಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದ ದ್ರವಶಿಲೆಯು ತಣ್ಣಗಾಗಿ ಕಂಬಗಳಂತೆ ನಿಂತ, ೬೧ ಮೀಟರ್ ಎತ್ತರದ ಆ ಕರಿಯ ಶಿಲೆಯು ಜಗತ್ತಿನಲ್ಲೇ ಅಪರೂಪವಾದುದು. ಸುತ್ತಲಿನ ಕಟ್ಟಡಗಳ ನಡುವೆ ಅಂಥದನ್ನು ಹಿಡಿಯುವುದು ಅಷ್ಟು ವಿರಳವಾದ ಬಲೆಗೆ ಸುಲಭವಲ್ಲ.

ಎರಡನೆಯದಾಗಿ, ಅದು ಹೇಳುವ ಹೆಸರು ಯಾರದೋ ಕೊಟ್ಟ ಹೆಸರು. ಖಂಡಾಲದ ಬಳಿಯ ಒಂದು ಬಂಡೆಯನ್ನು ಊರವರು ನಾಗಫಣಿ ಎಂದರು, ಹೆಡೆಯೆತ್ತಿದ ಹಾವಿನಂತೆ ಕಂಡುದರಿಂದ. ಆಂಗ್ಲರು ಅದನ್ನೇ ಡ್ಯೂಕನ ಮೂಗು ಎಂದರು, ವೆಲಿಂಗ್ಟನ್ನನ ಮೂಗಿನಂತೆ ಕಂಡುದರಿಂದ. ಬಂಡೆ ಒಂದೇ, ನೋಡುವ ಮನಸ್ಸು ಎರಡು. ಮಾಥೇರಾನದ ಲೂಯಿಸಾ, ಹಾರ್ಟ್, ಅಲೆಕ್ಸಾಂಡರ್ ಪಾಯಿಂಟುಗಳ ಕಥೆಯೂ ಇಂಥದೇ. ೧೮೫೦ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟನು ಮಾಥೇರಾನವನ್ನು ‘ಕಂಡುಹಿಡಿದ’ನೆಂದು ಬರೆಯುತ್ತಾರೆ, ಅವನಿಗಿಂತ ಮೊದಲೇ ಅಲ್ಲಿ ಓಡಾಡಿದ್ದ ಗುಡ್ಡಗಾಡಿನ ಜನರು ಆ ಕಣಿವೆಗಳನ್ನು ಹೆಸರಿಲ್ಲದೆ ಬಿಟ್ಟಿರಲಾರರು. ನಮ್ಮ ಕುದುರೆಮುಖವನ್ನೇ ನೆನೆಯಿರಿ: ಆ ಹೆಸರಿನೊಳಗೆ, ಯಾವುದೋ ಒಂದು ಪಾರ್ಶ್ವದಿಂದ ಬೆಟ್ಟವನ್ನು ಕಂಡು ಕುದುರೆಯನ್ನು ಕಲ್ಪಿಸಿದ ಹಿರಿಯನ ಕಣ್ಣೇ ಇದೆ. ಯಂತ್ರವು ಹೆಸರನ್ನು ಹೇಳೀತು. ಆ ಕಣ್ಣನ್ನು ಕೊಡಲಾರದು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಯಂತ್ರದ ನೆನಪು ಹಳೆಯದು, ಭೂಮಿಯು ಬದಲಾಗುತ್ತಿದೆ. ನವಿ ಮುಂಬಯಿಯಲ್ಲಿ ಉಲ್ವೆಯ ಗುಡ್ಡವೆಂಬುದೊಂದಿತ್ತು. ಎತ್ತರ ಸುಮಾರು ತೊಂಬತ್ತು ಮೀಟರ್. ೨೦೨೫ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ವಿಮಾನ ನಿಲ್ದಾಣಕ್ಕಾಗಿ ಆ ಗುಡ್ಡವನ್ನು ಸಿಡಿಸಿ ಸಮಮಾಡಿದರು. ೨೦೦೦ದಲ್ಲಿ ತಯಾರಾದ ಕೋಷ್ಟಕದಲ್ಲಿ ಆ ಗುಡ್ಡವು ಇನ್ನೂ ನಿಂತಿದೆ. ನೆಲದ ಮೇಲೆ ಇಲ್ಲ. ನಗರಕ್ಕೆ ವಿಮಾನ ನಿಲ್ದಾಣವು ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಮನೆಗಳ ಜಲ್ಲಿಕಲ್ಲು ಸಹ ಯಾವುದೋ ಗುಡ್ಡದ ಎದೆಯಿಂದಲೇ ಬಂದದ್ದು. ಆದರೆ ಒಂದು ಬೆಟ್ಟವು ಹೋಗುವಾಗ ‘ಅಯ್ಯೋ, ಇಂಥ ಬೆಟ್ಟ ಹೋಯಿತು’ ಎನ್ನಲಿಕ್ಕಾದರೂ ಅದರ ಹೆಸರು ಗೊತ್ತಿರಬೇಕಷ್ಟೆ? ಹೆಸರು ತಿಳಿಯದವನು ಬೆಟ್ಟವಿದ್ದಾಗ ಅದನ್ನು ಕಾಣಲಾರ. ಇಲ್ಲವಾದಾಗ ಅದರ ಕೊರತೆಯನ್ನೂ ಅರಿಯಲಾರ. ‘ಯಾವುದೋ ಬೆಟ್ಟ’ದ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ.

‘ಯಂತ್ರವೇ ಎಲ್ಲವನ್ನೂ ಹೇಳುತ್ತಿರಲು ನಾವೇಕೆ ನೆನಪಿಟ್ಟುಕೊಳ್ಳಬೇಕು?’ ಎಂದು ಕೆಲವರು ಕೇಳಬಹುದು. ಮಿತ್ರರೇ, ನಿಮ್ಮ ಅಜ್ಜಿಯ ಹೆಸರು ಪಡಿತರ ಚೀಟಿಯಲ್ಲಿದೆಯೆಂದು ನೀವು ಅದನ್ನು ಮರೆಯುವಿರಾ? ಪರಿಚಿತರ ಹೆಸರನ್ನು ನಾವು ಉಪಯೋಗಕ್ಕಾಗಿ ಮಾತ್ರ ನೆನಪಿಟ್ಟುಕೊಳ್ಳುವುದಿಲ್ಲ. ಅವರು ನಮ್ಮವರೆಂದು ನೆನಪಿಟ್ಟುಕೊಳ್ಳುತ್ತೇವೆ. ಇನ್ನು ಕೆಲವರು, ‘ಇವು ಮರಾಠಿ ನಾಡಿನ ಬೆಟ್ಟಗಳು, ಕನ್ನಡದ ಮಕ್ಕಳಿಗೇಕೆ?’ ಎಂದಾರು. ಸಹ್ಯಾದ್ರಿಗೆ ಭಾಷೆಯ ಗಡಿಯಿಲ್ಲ. ಮಾಥೇರಾನದ ಬಳಿ ಕಾಣುವ ಬೆಟ್ಟಗಳ ಸಾಲೇ ದಕ್ಷಿಣಕ್ಕೆ ಸಾಗಿ ಕೊಡಚಾದ್ರಿಯಾಗಿ, ಕುದುರೆಮುಖವಾಗಿ ನಿಂತಿದೆ. ಬೇಸಿಗೆಯ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ನಿಮ್ಮ ಎಡಗಡೆಗೆ ದಾರಿಯುದ್ದಕ್ಕೂ ಜೊತೆಗೆ ಬರುವುದು ಇದೇ ಸಾಲು. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ಅಜ್ಜಿ ಹೇಳುವ ಆ ಘಟ್ಟವು ಇದೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಮೊದಲು ಬರಿಗಣ್ಣಿನಿಂದ ನೋಡಿರಿ. ಕಂಡ ದಿಗಂತವನ್ನು ಕಾಗದದ ಮೇಲೆ ಒಂದೇ ಗೆರೆಯಲ್ಲಿ ಬರೆಯಿರಿ. ಎರಡನೆಯದಾಗಿ, ಅಲ್ಲಿನ ಜನರನ್ನು ಕೇಳಿರಿ. ಮೂರನೆಯದಾಗಿ ಯಂತ್ರವನ್ನು ಕೇಳಿರಿ. ಇವೆರಡೂ ಹೊಂದದಿದ್ದಲ್ಲಿ ಕಾರಣವನ್ನು ಹುಡುಕಿರಿ. ಮಾಥೇರಾನದಲ್ಲಿ ಯಂತ್ರವು ಹೆಸರಿಸದೆ ಬಿಟ್ಟ ಒಂದು ಕಿರುಶಿಖರವನ್ನು ತೋರಿಸಿ, ನಿಂಬೆ ಪಾನಕ ಮಾರುತ್ತಿದ್ದ ಮಾವಶಿಯನ್ನು ಕೇಳಿದೆವು. ಆಕೆ ತಲೆಯೆತ್ತದೆಯೇ ಹೆಸರನ್ನು ಹೇಳಿದಳು. ಅದು ಆಕೆಯ ತವರೂರಿನ ಮೇಲಿನ ಬೆಟ್ಟವಂತೆ. ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದೇವೆ. ಇನ್ನಿಬ್ಬರನ್ನಾದರೂ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಅದನ್ನು ಇಲ್ಲಿ ಮುದ್ರಿಸುವುದು ತರವಲ್ಲ. ಖಚಿತವಾದ ಮೇಲೆ, ೨೦೦೪ರಲ್ಲಿ ಆರಂಭವಾಗಿ ಎಲ್ಲರೂ ಸೇರಿ ರಚಿಸುತ್ತಿರುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ಅದನ್ನು ಸೇರಿಸಬಹುದು. ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಬರೆಯಲು ಅಲ್ಲಿ ಅವಕಾಶವಿದೆ. ಮುಂದೊಮ್ಮೆ ಯಾರೋ ಅಪರಿಚಿತರು ಆ ಶಿಖರದ ಕಡೆಗೆ ಮೊಬೈಲನ್ನು ಹಿಡಿದಾಗ, ಮಾವಶಿಯ ಮಾತು ಅವರ ಪರದೆಯ ಮೇಲೆ ಮೂಡಬಹುದು.

ದೂರದ ಬೆಟ್ಟವು ಕಣ್ಣಿಗೆ ನುಣ್ಣಗೆ ಕಾಣುವುದು ಸಹಜ. ಆದರೆ ಅದು ಹೆಸರಿಲ್ಲದೆ ಉಳಿಯುವುದು ಮಾತ್ರ ನಮ್ಮ ಅಲಕ್ಷ್ಯದಿಂದ. ಮುಂದಿನ ಮಳೆಗಾಲ ಕಳೆದು ಮೊದಲ ತಿಳಿಯಾದ ಬೆಳಗು ಬಂದಾಗ, ನಮ್ಮ ಓದುಗರಲ್ಲಿ ಒಬ್ಬರಾದರೂ ಕಿಟಕಿಯಾಚೆಗೆ ಬೆರಳು ತೋರಿಸಿ, ಪಕ್ಕದಲ್ಲಿ ಕುಳಿತ ತಮ್ಮನಿಗೋ ತಂಗಿಗೋ ಬೆಟ್ಟವೊಂದರ ಹೆಸರನ್ನು ಹೇಳಿದರೆ ನಮ್ಮ ಈ ಬರಹವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.