2019ರ ಗೆರಿ ನಂಬಿ ಕುಂದರಬ್ಯಾಡ್ರಿ



ನಿನ್ನೆ ಸಂಜಿಮುಂದ ಗುಡಿ ಕಟ್ಟಿ ಮ್ಯಾಲೆ ಮತ್ತ ಅದೇ ಮಾತು ಬಂತು. "ನಮ್ಮನಿ ಗ್ವಾಡಿ ಮ್ಯಾಲೆ 2019ರ ಗೆರಿ ಐತಿ. ಅದಕ್ಕಿಂತ ಮ್ಯಾಲೆ ನೀರು ಬರಂಗಿಲ್ಲ, ಬಂದಾಗ ನೋಡೂಣು." ನಾಲ್ಕು ಮಂದಿ ಹೌದಂದ್ರು. ನನಗ ತಡೀಲಿಲ್ಲ, ಅದಕ್ಕ ಬರೀತೀನಿ.

ನಾನೂ ಇದೇ ಮಾತು ಆಡಿದವ. 2019ರಾಗ ನಮ್ಮ ಲೆಕ್ಕ 2005ರದಿತ್ತು. ಆ ವರ್ಷ ಕೃಷ್ಣಾ ನೀರು ನಮ್ಮನಿ ಹೊರಗಿನ ಕಟ್ಟಿ ಮುಟ್ಟಿ ಸರಿದಿತ್ತು. ಮನ್ಯಾಗ "ಹೋಗೂಣು" ಅಂದ್ರು, ನಾನು "ಕಟ್ಟಿ ದಾಟಂಗಿಲ್ಲ" ಅಂದೆ. ರಾತ್ರಿ ಎರಡಕ್ಕ ನೀರು ಹೊಸ್ತಿಲ ದಾಟಿತು. ಅವ್ವನ್ನ ಹೊತ್ತುಕೊಂಡು ಹೊರಗ ಬಂದೆ. ಗಡಿಬಿಡಿಯೊಳಗ ಕೊಟ್ಟಿಗಿ ಕಡೆ ಹೋಗಲಿಲ್ಲ. ಎರಡು ಎಮ್ಮಿ ಕಟ್ಟಿದ ಜಾಗದಾಗ ಸತ್ತವು. ಎಮ್ಮಿಗೆ ಈಜಾಕ ಬರ್ತೈತ್ರಿ. ಹಗ್ಗ ಬಿಚ್ಚಿದ್ರ ಉಳೀತಿದ್ದವೇನೋ. ನದಿಗೆ ಬೈದು ಏನು ಮಾಡ್ಲಿ, ಗಂಟು ಹಾಕಿದವ ನಾನು.

2005ರ ಗೆರಿ 2019ರಾಗ ಮುಳುಗಿತು. 2021ರ ಜುಲೈದಾಗ ಮತ್ತ ಹೊಳಿ ತುಂಬಿ ಬಂತು. ಗೆರಿ ಅಂದ್ರ ಹೊಳಿ ಬರೆದುಕೊಟ್ಟ ಕರಾರುಪತ್ರ ಅಲ್ಲ. ಕೊಯ್ನಾದಿಂದ ಎಷ್ಟು ಬಿಟ್ರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬಂತು, ದೂಧಗಂಗಾ ಎಷ್ಟು ಕೂಡಿತು ಅಂತ ಮಳಿಗಾಲದಾಗ ಪೇಪರಿನ್ಯಾಗ ಕ್ಯೂಸೆಕ್ ಲೆಕ್ಕ ಬರ್ತೈತಿ. ಕಬ್ಬಿನ ಬಿಲ್ಲಿನ ಸುದ್ದಿ ಹುಡುಕಿ ಓದ್ತೀವಿ, ಇದನ್ನ ಓದಾಕ ಏನು ರೋಗ? ಮ್ಯಾಲಿನ ನೀರು ನಮ್ಮೂರಿಗೆ ಬರಾಕ ಹೊತ್ತು ಹಿಡೀತೈತಿ. ಆ ಹೊತ್ತನ್ನ ನಾವು ಸೇತುವಿ ಮ್ಯಾಲೆ ವಿಡಿಯೋ ತಗಿಯೂದ್ರಾಗ ಕಳೀತೀವಿ.

"ಸರ್ಕಾರ ಏನ್ ಮಾಡ್ತೈತಿ?" ಅಂತ ಕೇಳ್ರಿ, ಜೋರಾಗೇ ಕೇಳ್ರಿ. ದನಕ್ಕ ಮೇವಿಲ್ಲದ ಕಾಳಜಿ ಕೇಂದ್ರಕ್ಕ ರೈತ ಹೋಗಂಗಿಲ್ಲ. ಮೇವು ಎಲ್ಲಿ ಇಡ್ತೀರಿ ಅಂತ ಮಳಿಗಾಲಕ್ಕ ಮೊದಲ ಗ್ರಾಮಸಭೆಯಾಗ ಹಿಡಿದು ಕೇಳಬೇಕು. ಆದ್ರ ಬೋಟು ಬರೂತನಕದ ರಾತ್ರಿ ನಮ್ಮದು. ಕೊಟ್ಟಿಗಿ ಹಗ್ಗ ಬಿಚ್ಚಾಕ ತಹಸೀಲ್ದಾರ್ ಬರಂಗಿಲ್ಲ.

ಈಗ ನಮ್ಮನ್ಯಾಗ ಹಿಂಗ ಮಾಡೀವಿ. ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲಾ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗ. ಅವುಗಳ ಫೋಟೋ ಮಗಳ ಮೊಬೈಲಿನ್ಯಾಗೂ ಅದಾವು. ಮನಿ, ಗ್ವಾಡಿ, ದನಗಳ ಫೋಟೋನೂ ತಗದೀವಿ. 2019ರಾಗ ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂದಾಗ ಕಾಗದ ತೊಯ್ದವರು ಎಷ್ಟು ತಿರುಗಿದ್ರು ಅನ್ನೂದು ನಿಮಗೂ ಗೊತ್ತು. ಅವ್ವನ ಬಿಪಿ ಗುಳಿಗಿ, ಬ್ಯಾಟರಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಂದು ಚೀಲದಾಗ. ಒಲಿ ಹಚ್ಚದ ನಾಲ್ಕು ದಿನ ತಡೀತೈತಿ. ನೀರು ಏರಾಕ ಹತ್ತಿತು ಅಂದ್ರ ಹೊಳಿದಂಡಿ ಮೋಟಾರ್, ಸ್ಟಾರ್ಟರ್ ಹಗಲಾಗ ಎತ್ತೂದು. ಮನಿ ಬಿಡುವಾಗ ಮೇನ್ ಸ್ವಿಚ್ ಬಂದ್. ದನ ಮೊದಲ ಗುಡ್ಡಕ್ಕ, ಆಮ್ಯಾಲೆ ಟ್ರಂಕು. ಹೊಳಿ ಇಳಿದ ಮ್ಯಾಲೆ ಬಾವಿ ನೀರು ಸ್ವಚ್ಛ ಮಾಡೂತನಕ ಕುಡಿಯಂಗಿಲ್ಲ. 112 ಮತ್ತ ಜಿಲ್ಲಾ ಕಂಟ್ರೋಲ್ ರೂಮಿನ 1077 ಬಾಗಿಲ ಹಿಂದ ಬರೆದೀವಿ.

ಇದಕ್ಕ ರೊಕ್ಕ ಭಾಳ ಹತ್ತಿಲ್ಲ, ಒಂದು ಭಾನುವಾರ ಹೋಗೇತಿ. ಎರಡು ಎಮ್ಮಿ ಹೋದಮ್ಯಾಲೆ ನನಗ ಬುದ್ಧಿ ಬಂತು, ನಿಮಗ ಅದಕ್ಕಿಂತ ಮೊದಲ ಬರ್ಲಿ.

ನಮ್ಮ ಓಣ್ಯಾಗ ನಡಿಯಾಕ ಬರದ ಮುದುಕರು ಯಾರ ಮನ್ಯಾಗ ಅದಾರ, ರಾತ್ರಿ ಕರೆದ್ರ ಯಾರ ಟ್ರ್ಯಾಕ್ಟರ್ ಬರ್ತೈತಿ, ಕೆಳಗ ಬರೀರಿ. ನನ್ನ ಟ್ರೇಲರ್ ಐತಿ, ಬರ್ಕೋರಿ.