ನಿದ್ರಿಸುವ ಕಂಪೆನಿಯ ವಿಕ್ರಯ

ಹುಣಸೂರು ತಾಲ್ಲೂಕಿನ ಗಾವಡಗೆರೆಯಂತಹ ಹೋಬಳಿಗಳಲ್ಲಿ ಹುಟ್ಟಿದ ವಿದ್ಯಾವಂತರು ಸಮುದ್ರವನ್ನು ದಾಟಿ, ಅಲ್ಲಿಯ ಪೌರತ್ವವನ್ನೂ ಪಡೆದು, ಜನ್ಮಭೂಮಿಯ ಮೇಲಣ ಮಮತೆಯಿಂದ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಒಂದು ಪ್ರೈವೇಟ್ ಲಿಮಿಟೆಡ್ ಕಂಪೆನಿಯನ್ನು ಸ್ಥಾಪಿಸುವುದು ಈ ಕಾಲದಲ್ಲಿ ಅಪರೂಪವಲ್ಲ. ಉದ್ಯಮವು ಕೈಗೂಡದೆ ಕಂಪೆನಿಯು ನಿದ್ರಾವಸ್ಥೆಗೆ ಸಂದಾಗ, ಅದನ್ನು ವಿಸರ್ಜಿಸಬೇಕೋ, ಬಂದ ಬೆಲೆಗೆ ಮಾರಬೇಕೋ ಎಂಬ ಪ್ರಶ್ನೆ ಏಳುತ್ತದೆ. ಮುಚ್ಚಿದರೆ ಖರ್ಚು, ಮಾರಿದರೆ ಆದಾಯ ಎಂಬ ಲೆಕ್ಕವು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಈ ಲೆಕ್ಕದಲ್ಲಿ ಒಬ್ಬರನ್ನು ಸೇರಿಸಿಲ್ಲವೆಂದು ನಾವು ಹೇಳಬೇಕಾಗಿದೆ.

೨೦೧೩ನೆಯ ಇಸವಿಯ ಕಂಪೆನಿ ಕಾಯಿದೆಯ ಮೇರೆಗೆ, ವರ್ಷದಲ್ಲಿ ೧೮೨ ದಿನಗಳಿಗೆ ಕಡಮೆಯಿಲ್ಲದಂತೆ ಭಾರತದಲ್ಲಿ ವಾಸಿಸುವ ನಿರ್ದೇಶಕನೊಬ್ಬನಾದರೂ ಕಂಪೆನಿಗೆ ಇರತಕ್ಕದ್ದು. ಹೊರದೇಶದ ಮಾಲಿಕನು ಈ ಸ್ಥಾನಕ್ಕೆ ಊರಿನಲ್ಲಿರುವ ತಂದೆಯನ್ನೋ ಭಾವಮೈದುನನನ್ನೋ ಹೆಸರಿಸುವುದುಂಟು. ಹೊಗೆಸೊಪ್ಪಿನ ಬೇಸಾಯದಲ್ಲೋ ಶಾಲೆಯ ಉಪಾಧ್ಯಾಯ ವೃತ್ತಿಯಲ್ಲೋ ಆಯುಷ್ಯವನ್ನು ಕಳೆದ ಆ ಹಿರಿಯರು ಕಂಪೆನಿಯ ಲೆಕ್ಕಪತ್ರಗಳನ್ನು ಕಂಡವರಲ್ಲ. ಮಗನ ಮಾತನ್ನು ನಂಬಿ ರುಜು ಹಾಕಿದವರು. ಕಂಪೆನಿಯು ಸತತವಾಗಿ ಮೂರು ವರ್ಷ ವಾರ್ಷಿಕ ಪತ್ರಗಳನ್ನು ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ೨೦೧೭ರಲ್ಲಿ ಸರ್ಕಾರದವರು ಎರಡು ಲಕ್ಷಕ್ಕೂ ಮೇಲ್ಪಟ್ಟು ಕಂಪೆನಿಗಳ ಹೆಸರನ್ನು ದಾಖಲೆಯಿಂದ ತೆಗೆದುಹಾಕಿ, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹರೆಂದು ಸಾರಿದುದನ್ನು ವಾಚಕರು ಮರೆತಿರಲಾರರು.

ಇದು ಹೀಗಿರಲು, ಕಂಪೆನಿಯ ಷೇರುಗಳನ್ನೆಲ್ಲ ಕೊಂಡವನ ಕೈಗೆ ಅದರ ಹಳೆಯ ಸಾಲ, ತೆರಿಗೆಯ ಬಾಕಿ, ವ್ಯಾಜ್ಯ ಎಲ್ಲವೂ ಕಂಪೆನಿಯೊಡನೆಯೇ ಬರುತ್ತವೆ. ಇದನ್ನು ಬಲ್ಲ ವಿವೇಕಿಯು ಬರಿಯ ಚಿಪ್ಪಿಗೆ ಬೆಲೆ ಕೊಡನು. ಭೂಮಿ, ಪರವಾನಗಿ, ವ್ಯಾಪಾರಮುದ್ರೆ, ನುರಿತ ಕೆಲಸಗಾರರು ಇದ್ದರೆ ವಿಕ್ರಯವು ಯುಕ್ತವೇ. ೧೯೫೬ರಲ್ಲಿ ಮೈಸೂರು ಸರ್ಕಾರವು ಜಾನ್ ಟೇಲರ್ ಮಂಡಲಿಯ ಆಡಳಿತದಲ್ಲಿದ್ದ ಕೋಲಾರದ ಗಣಿಗಳನ್ನು ವಹಿಸಿಕೊಂಡಾಗ ಕೈ ಬದಲಾದುದು ಗಣಿ, ಯಂತ್ರ ಮತ್ತು ಸಾವಿರಾರು ಜನರ ದುಡಿಮೆ. ಏನೂ ಇಲ್ಲದ ಕಂಪೆನಿಗೆ ಹಣ ಸುರಿಯಲು ಬಂದವನು ಕೊಳ್ಳುವುದು ಹಳೆಯದೊಂದು ನೋಂದಣಿಯ ತಾರೀಖನ್ನು ಮತ್ತು ಪರರ ಹೆಸರಿನ ಮರೆಯನ್ನು. ಅಲ್ಲಿ ಮಾರಿದವನಿಗೆ ಹಣ, ಇಲ್ಲಿ ರುಜು ಹಾಕಿದವನಿಗೆ ನೋಟೀಸು ಎಂಬಂತಾಗಬಾರದು.

ಆದಾಯದ ಆಸೆಯೂ ಬಹುಮಟ್ಟಿಗೆ ಭ್ರಮೆಯೇ. ವಿದೇಶೀ ವಿನಿಮಯದ ನಿಯಮಗಳ ಪ್ರಕಾರ, ಹಣವನ್ನು ಹೊರಕ್ಕೆ ಒಯ್ಯುವ ಹಕ್ಕುಳ್ಳ ಅನಿವಾಸಿಯು ಇಲ್ಲಿಯ ನಿವಾಸಿಗೆ ಷೇರು ಮಾರುವಾಗ ಬೆಲೆಯು ನ್ಯಾಯವಾದ ಮೌಲ್ಯವನ್ನು ಮೀರಕೂಡದು. ೬೦ ದಿನಗಳೊಳಗೆ ವರದಿಯೂ ಸಲ್ಲತಕ್ಕದ್ದು. ಬರಿದಾದ ಕಂಪೆನಿಯ ನ್ಯಾಯವಾದ ಮೌಲ್ಯವೆಷ್ಟೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಮುಚ್ಚುವ ದಾರಿಯಾದರೋ ಮೊದಲಿನಷ್ಟು ದುರ್ಗಮವಾಗಿಲ್ಲ. ಋಣಗಳನ್ನೆಲ್ಲ ತೀರಿಸಿ, ವಿಶೇಷ ನಿರ್ಣಯದಿಂದಲೋ, ಬಂಡವಾಳದ ನೂರಕ್ಕೆ ೭೫ರಷ್ಟು ಭಾಗವುಳ್ಳವರ ಒಪ್ಪಿಗೆಯಿಂದಲೋ ಹೆಸರನ್ನು ತೆಗೆಸಲು ಅರ್ಜಿ ಹಾಕಬಹುದು. ಇದಕ್ಕಾಗಿಯೇ ೨೦೨೩ರಲ್ಲಿ ಮಾನೇಸರದಲ್ಲಿ ಪ್ರತ್ಯೇಕ ಕೇಂದ್ರವನ್ನು ತೆರೆದಿದ್ದಾರೆ. ಮುಂದೆ ಉದ್ಯಮವನ್ನು ನಡೆಸುವ ಸಂಕಲ್ಪವಿದ್ದವರು ಸುಪ್ತ ಕಂಪೆನಿಯೆಂದು ದಾಖಲಿಸಿಕೊಂಡು, ವರ್ಷಕ್ಕೊಮ್ಮೆ ವಿವರವನ್ನು ಒಪ್ಪಿಸುತ್ತ, ಐದು ವರ್ಷಗಳವರೆಗೆ ಕಾಯಲೂ ಅವಕಾಶವಿದೆ.

ಆದುದರಿಂದ ಸ್ವತ್ತಿದ್ದರೆ ಮಾರುವುದೂ, ಬರಿದಾಗಿದ್ದರೆ ವಿಸರ್ಜಿಸುವುದೂ ಉಚಿತವೆಂಬುದು ನಮ್ಮ ಅಭಿಪ್ರಾಯ. ಮಾರುವವರು ಊರಿನ ಹಿರಿಯರ ರಾಜೀನಾಮೆಯನ್ನು ರಿಜಿಸ್ಟ್ರಾರರ ದಾಖಲೆಗೆ ಸೇರಿಸಿ, ಅವರ ಹೆಸರಿನಲ್ಲಿರುವ ಷೇರನ್ನೂ ವರ್ಗಾಯಿಸಿದ ಹೊರತು ಹಣವನ್ನು ಮುಟ್ಟಬಾರದು. ಅಧಿಕಾರಿವರ್ಗದವರು ಇಂತಹ ನಿರ್ದೇಶಕರಿಗೆ ಕಳುಹಿಸುವ ತಿಳಿವಳಿಕೆಗಳನ್ನು ಕನ್ನಡದಲ್ಲಿಯೂ ಕಳುಹಿಸಿದರೆ, ತಾವು ಯಾವುದಕ್ಕೆ ಹೊಣೆಯಾಗಿದ್ದೇವೆಂಬುದನ್ನು ಗಾವಡಗೆರೆಯ ಹಿರಿಯರೂ ಕಾಲ ಮಿಂಚುವ ಮೊದಲೇ ಅರಿಯುವರು.