ಕ್ಷಮೆ ಕೇಳಿದ ವೃತ್ತಿ, ಕೈಬಿಡದ ಅಧಿಕಾರ

ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಅಮೆರಿಕದ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ 2021ರ ಜೂನ್‌ನಲ್ಲಿ ತನ್ನ ವೃತ್ತಿಯ ಪರವಾಗಿ ಬಹಿರಂಗವಾಗಿ ಕ್ಷಮೆ ಕೇಳಿತು. ತಪ್ಪುಗಳ ಪಟ್ಟಿಯನ್ನು ಅದು ಮುಚ್ಚಿಡಲಿಲ್ಲ. ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದು ಸೇವಾಕೇಂದ್ರಗಳನ್ನು ಬೇರ್ಪಡಿಸಿ ನಡೆಸಿದವರು ಸಮಾಜಕಾರ್ಯಕರ್ತರೇ. ವಂಶಶುದ್ಧಿಯ ಸಿದ್ಧಾಂತಕ್ಕೆ ಬೆಂಬಲ ಕೊಟ್ಟವರಲ್ಲಿ ಹೆಸರಾಂತ ಸಮಾಜಕಾರ್ಯಕರ್ತರೂ ಇದ್ದರು. ಟಸ್ಕೆಗೀಯಲ್ಲಿ ಸಿಫಿಲಿಸ್ ರೋಗಿಗಳಾಗಿದ್ದ ಕಪ್ಪು ಪುರುಷರಿಗೆ ಔಷಧ ಕೊಡದೆ 1932ರಿಂದ 1972ರವರೆಗೆ ನಡೆಸಿದ ಪ್ರಯೋಗಕ್ಕೆ ಜನರನ್ನು ಒದಗಿಸುವುದರಲ್ಲಿ ವೃತ್ತಿಯ ಕೈ ಇತ್ತು. ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ವಸತಿಶಾಲೆಗಳಿಗೆ ಸೇರಿಸಿದ್ದರಲ್ಲಿಯೂ ಇತ್ತು.

ಇಷ್ಟನ್ನು ಸ್ವತಃ ಒಪ್ಪಿಕೊಂಡ ವೃತ್ತಿಗಳು ಬಹಳ ಇಲ್ಲ. ಆ ಪ್ರಾಮಾಣಿಕತೆಗೆ ಬೆಲೆ ಇದೆ. ಆದರೆ ಈ ಕ್ಷಮೆಯೇ ಮೊದಲನೆಯದಲ್ಲ. ಅಮೆರಿಕದ ಮಕ್ಕಳ ಕಲ್ಯಾಣ ಒಕ್ಕೂಟ 2001ರಲ್ಲೇ ಮೂಲನಿವಾಸಿಗಳ ಮುಂದೆ ನಿಂತು ಕ್ಷಮೆ ಕೇಳಿತ್ತು. ಆಸ್ಟ್ರೇಲಿಯಾದ ಸಮಾಜಕಾರ್ಯಕರ್ತರ ಸಂಘ 2004ರಲ್ಲಿ ಕೇಳಿತು, ಕೆನಡಾದ ಸಂಘ 2019ರಲ್ಲಿ ಕೇಳಿತು. ಕೆನಡಾದ 2021ರ ಜನಗಣತಿಯನ್ನು ನೋಡಿ: 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳ ಪಾಲು ಶೇ 7.7. ಸಾಕು ಕುಟುಂಬಗಳಲ್ಲಿರುವ ಮಕ್ಕಳಲ್ಲಿ ಅವರ ಪಾಲು ಶೇ 53.8. ಕ್ಷಮೆ ಕೇಳುವಾಗ ದನಿ ಎಷ್ಟು ಆರ್ದ್ರವಾಗಿದ್ದರೂ, ಮಗುವನ್ನು ಯಾರ ಮನೆಯಿಂದ ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸುವ ಅಧಿಕಾರ ಹಳೆಯ ಕೈಗಳಲ್ಲೇ ಉಳಿದಿತ್ತು. ಈ ವೃತ್ತಿಯೊಳಗಿನ ಜನಾಂಗೀಯ ತಾರತಮ್ಯ ಸ್ವಲ್ಪವಾದರೂ ಸಡಿಲಗೊಂಡ ಸಂದರ್ಭಗಳನ್ನು ಹುಡುಕಿದರೆ ಎರಡೇ ದಾರಿಗಳು ಕಾಣುತ್ತವೆ. ಒಂದು, ಆ ಅಧಿಕಾರದಲ್ಲಿ ಸಮುದಾಯಕ್ಕೆ ಕಾನೂನುಬದ್ಧ ಪಾಲು ಸಿಕ್ಕಾಗ. ಇನ್ನೊಂದು, ಮುಚ್ಚಿಟ್ಟ ಅಂಕಿಗಳನ್ನು ವೃತ್ತಿ ಬಯಲಿಗಿಡಲೇಬೇಕಾಗಿ ಬಂದಾಗ.

ಮೊದಲನೆಯದರ ಕಥೆ 1958ರಿಂದ ಶುರುವಾಗುತ್ತದೆ. ಅಮೆರಿಕ ಸರ್ಕಾರದ ಮೂಲನಿವಾಸಿ ವ್ಯವಹಾರಗಳ ಇಲಾಖೆಯೂ ಮೇಲೆ ಹೇಳಿದ ಮಕ್ಕಳ ಕಲ್ಯಾಣ ಒಕ್ಕೂಟವೂ ಸೇರಿ ಒಂದು ದತ್ತು ಯೋಜನೆ ನಡೆಸಿದವು. 1967ರವರೆಗೆ 395 ಮಕ್ಕಳು ಬುಡಕಟ್ಟುಗಳಿಂದ ದೂರದ ಬಿಳಿಯರ ಮನೆಗಳಿಗೆ ಹೋದರು. ಸಂಖ್ಯೆ ಚಿಕ್ಕದು. ಆದರೆ ಅದು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ರಾಜ್ಯಗಳ ಇಲಾಖೆಗಳು ಹಿಂಬಾಲಿಸಿದವು. 1969 ಮತ್ತು 1974ರ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ಶೇ 25ರಿಂದ 35ರಷ್ಟು ಮಂದಿ ಸ್ವಂತ ಮನೆಯಲ್ಲಿರಲಿಲ್ಲ. ಸಾಕು ಕುಟುಂಬ, ದತ್ತು ಮನೆ ಅಥವಾ ಸಂಸ್ಥೆಗಳಲ್ಲಿದ್ದರು.

ಅವರನ್ನು ಬೇರ್ಪಡಿಸಲು ಕೊಟ್ಟ ಕಾರಣವೇನು? ಹೊಡೆತ, ಹಿಂಸೆಯ ಪ್ರಕರಣಗಳು ಕೆಲವೇ. ಬಹುಪಾಲು ಫೈಲುಗಳಲ್ಲಿ ಇದ್ದದ್ದು 'ನಿರ್ಲಕ್ಷ್ಯ' ಎಂಬ ಷರಾ. ಮಗುವನ್ನು ಅಜ್ಜಿಯ ಬಳಿಯೋ ಚಿಕ್ಕಮ್ಮನ ಬಳಿಯೋ ಬಿಟ್ಟು ತಾಯಿ ಕೆಲಸಕ್ಕೆ ಹೋದರೆ, ಮನೆಗೆ ಭೇಟಿ ಕೊಟ್ಟ ಸಮಾಜಕಾರ್ಯಕರ್ತೆಗೆ ಅದು ತಾಯಿ ಮಗುವನ್ನು ಕೈಬಿಟ್ಟಂತೆ ಕಂಡಿತ್ತು. ಅಪ್ಪ, ಅಮ್ಮ, ಮಗು, ಮಗುವಿಗೊಂದು ಪ್ರತ್ಯೇಕ ಮಂಚ: ಇದು ಅವಳ ತರಬೇತಿ ಕಲಿಸಿದ ಕುಟುಂಬ. ಮಂಚ ಎಣಿಸಿ, ಅಡುಗೆಮನೆಯ ಕಪಾಟು ತೆರೆದು ನೋಡಿ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆಂದು ಬರೆದುಕೊಂಡರೆ ಬಡವರ ಯಾವ ಮನೆಯೂ ಪಾಸಾಗದು. ಇದು ಅಮೆರಿಕದ ಸಂಸತ್ತಿನ ವಿಚಾರಣೆಗಳಲ್ಲಿ ದಾಖಲಾಗಿರುವ ಸಂಗತಿ. ಅಜ್ಜಿಯ ಮಡಿಲಲ್ಲಿ ಬೆಳೆದ ಕನ್ನಡದ ಓದುಗರಿಗೆ ಇದರಲ್ಲಿ ಅಪರಾಧ ಎಲ್ಲಿದೆ ಎಂದೇ ತಿಳಿಯಲಿಕ್ಕಿಲ್ಲ. 2011ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಧಿಕಾರಿಗಳು ಕರೆದೊಯ್ದಾಗ ಇಲ್ಲಿ ಹೊತ್ತಿದ ಸಿಟ್ಟು ನೆನಪಿರಬಹುದು. ಕೈತುತ್ತು ತಿನ್ನಿಸಿದ್ದು, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡದ್ದು ಅಂದು ಚರ್ಚೆಯಾಗಿತ್ತು. ತಮ್ಮ ಕ್ರಮಕ್ಕೆ ಸಂಸ್ಕೃತಿ ಕಾರಣವಲ್ಲ ಎಂದು ನಾರ್ವೆಯ ಅಧಿಕಾರಿಗಳು ಹೇಳಿದರು. ಆ ಪ್ರಕರಣದ ಸತ್ಯ ಏನೇ ಇರಲಿ, ಅಂದು ನಮಗಾದ ಆ ಒಂದು ಪ್ರಕರಣದ ಸಂಕಟ ಮೂಲನಿವಾಸಿ ತಾಯಂದಿರಿಗೆ ತಲೆಮಾರುಗಳ ಅನುಭವ.

1978ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿ ಮಕ್ಕಳ ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಸಮಾಜಕಾರ್ಯಕರ್ತರ ಮನಸ್ಸು ತಿದ್ದುವ ಗೊಡವೆಗೆ ಅದು ಹೋಗಲಿಲ್ಲ. ಮಗುವಿನ ಪ್ರಕರಣ ಬಂದರೆ ಅದರ ಬುಡಕಟ್ಟಿಗೆ ನೋಟಿಸು ಹೋಗಬೇಕು. ಬುಡಕಟ್ಟಿನ ನ್ಯಾಯಾಲಯಕ್ಕೆ ಪ್ರಕರಣ ನಡೆಸುವ ಹಕ್ಕಿದೆ. ಮಗುವನ್ನು ಬೇರೆಡೆ ಇರಿಸಲೇಬೇಕಾದರೆ ಮೊದಲು ಬಂಧುಗಳು, ನಂತರ ಅದೇ ಬುಡಕಟ್ಟಿನವರು, ಆಮೇಲೆ ಇತರ ಮೂಲನಿವಾಸಿ ಕುಟುಂಬಗಳು. ಅಂದರೆ ಪೆನ್ನು ಹಿಡಿದವರ ಎದುರಿಗೆ ಇನ್ನೊಂದು ಕುರ್ಚಿ ಬಂತು, ಆ ಕುರ್ಚಿಗೆ ಕಾನೂನಿನ ಬಲವಿತ್ತು. ಈ ಕಾಯ್ದೆ ಮೂಲನಿವಾಸಿಗಳಲ್ಲದವರ ವಿರುದ್ಧದ ತಾರತಮ್ಯ ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಯಿತು. 2023ರ ಜೂನ್‌ನಲ್ಲಿ ಕೋರ್ಟು 7–2ರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು, ತಾರತಮ್ಯದ ವಾದದ ಬಗ್ಗೆ ಮಾತ್ರ ತೀರ್ಪು ಕೊಡಲಿಲ್ಲ. ಮೂಲನಿವಾಸಿ ಮಕ್ಕಳ ಪಾಲು ಸಾಕು ಕುಟುಂಬಗಳಲ್ಲಿ ಇಂದಿಗೂ ಹೆಚ್ಚೇ ಇದೆ. ಕಾಯ್ದೆ ಎಲ್ಲವನ್ನೂ ಸರಿಪಡಿಸಿತು ಎನ್ನಲಾಗದು. ಆದರೂ ಬುಡಕಟ್ಟಿಗೆ ತಿಳಿಯದಂತೆ ಮಗುವನ್ನು ಸಾಗಿಸುವ ದಾರಿ ಬಹುಮಟ್ಟಿಗೆ ಮುಚ್ಚಿತು.

ಎರಡನೆಯ ಕಥೆ ವೃತ್ತಿಯ ಒಳಬಾಗಿಲಿನದು. ಅಮೆರಿಕದಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿದರಷ್ಟೇ ಸಾಲದು. ಆಪ್ತಚಿಕಿತ್ಸೆಯ ಪರವಾನಗಿ ಬೇಕೆಂದರೆ, ಬಹುತೇಕ ರಾಜ್ಯಗಳಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ದುಡಿದು, ಸಮಾಜಕಾರ್ಯ ಮಂಡಳಿಗಳ ಒಕ್ಕೂಟ ನಡೆಸುವ ಪರೀಕ್ಷೆ ಬರೆಯಬೇಕು. 2022ರಲ್ಲಿ ಅದಕ್ಕೆ ನಾಲ್ಕು ಗಂಟೆ, 170 ಬಹುಆಯ್ಕೆ ಪ್ರಶ್ನೆಗಳು, 260 ಡಾಲರ್ ಶುಲ್ಕ ಇದ್ದವು. ಪಾಸಾದವರು ಸ್ವತಂತ್ರವಾಗಿ ವೃತ್ತಿ ನಡೆಸಬಹುದು, ವಿಮಾ ಕಂಪನಿಯಿಂದ ನೇರವಾಗಿ ಹಣ ಪಡೆಯಬಹುದು. ಫೇಲಾದವರು ಅದೇ ಕೆಲಸವನ್ನು ಕಡಿಮೆ ಸಂಬಳಕ್ಕೆ ಇನ್ನೊಬ್ಬರ ಕೈಕೆಳಗೆ ಮಾಡಬೇಕು. ಭಾರತದಲ್ಲಿ ಎಂಎಸ್‌ಡಬ್ಲ್ಯು ಮಾಡಿ ಅಲ್ಲಿಗೆ ಹೋದ ನಮ್ಮವರೂ ಪದವಿಯ ಮೌಲ್ಯಮಾಪನ ಮಾಡಿಸಿಕೊಂಡು ಇದೇ ಬಾಗಿಲು ದಾಟಬೇಕು.

ಈ ಪರೀಕ್ಷೆಯಲ್ಲಿ ಯಾವ ಜನಾಂಗದವರು ಎಷ್ಟು ಪಾಸಾಗುತ್ತಾರೆ ಎಂಬ ಅಂಕಿಗಳನ್ನು ಒಕ್ಕೂಟ ದಶಕಗಳ ಕಾಲ ಪ್ರಕಟಿಸಲಿಲ್ಲ. ಅಧ್ಯಾಪಕರು, ಅಭ್ಯರ್ಥಿಗಳು ಒತ್ತಾಯಿಸಿದ ಮೇಲೆ 2022ರ ಆಗಸ್ಟ್‌ನಲ್ಲಿ ವರದಿ ಹೊರಬಂತು. ಆಪ್ತಚಿಕಿತ್ಸೆಯ ಪರೀಕ್ಷೆಯನ್ನು ಮೊದಲ ಯತ್ನದಲ್ಲೇ ಪಾಸು ಮಾಡಿದ ಬಿಳಿಯರು ಶೇ 84ರಷ್ಟು, ಕಪ್ಪು ಅಭ್ಯರ್ಥಿಗಳು ಶೇ 45ರಷ್ಟು. ಮತ್ತೆ ಮತ್ತೆ ಬರೆದು ಪಾಸಾದವರನ್ನು ಸೇರಿಸಿದರೂ ಬಿಳಿಯರು ಶೇ 91ರಷ್ಟು, ಕಪ್ಪು ಜನರು ಶೇ 57ರಷ್ಟು. ಇವರೆಲ್ಲ ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಓದಿದವರು, ಹಿರಿಯರ ಕೈಯಲ್ಲಿ ಪಳಗಿ ಸೈ ಎನಿಸಿಕೊಂಡವರು.

ಈ ಪರೀಕ್ಷೆಯ ಪ್ರಶ್ನೆಗಳಿಗೆ ಒಂದು ಜಾಡಿದೆ. ಒಂದು ಸನ್ನಿವೇಶ ಕೊಟ್ಟು, ಸಮಾಜಕಾರ್ಯಕರ್ತೆ ಮೊದಲು ಏನು ಮಾಡಬೇಕು, ಮುಂದೆ ಏನು ಮಾಡಬೇಕು, ಅತ್ಯುತ್ತಮ ಕ್ರಮ ಯಾವುದು ಎಂದು ಕೇಳುತ್ತಾರೆ. ಒಪ್ಪಬಹುದಾದ ಉತ್ತರಗಳು ಒಂದಕ್ಕಿಂತ ಹೆಚ್ಚಿರುತ್ತವೆ, ಅಂಕ ಒಂದಕ್ಕೇ. ಮಗನ ವರ್ತನೆಯಿಂದ ಕಂಗಾಲಾಗಿ ಫೋನು ಮಾಡಿದ ತಾಯಿಗೆ ಪೊಲೀಸರನ್ನು ಕರೆಯಲು ಹೇಳುವುದೋ, ಚರ್ಚಿನ ಹಿರಿಯರೊಬ್ಬರನ್ನು ಮನೆಗೆ ಕಳಿಸುವುದೋ, ತಾನೇ ಹೊರಡುವುದೋ? ಪೊಲೀಸರು ಬಂದರೆ ಏನಾಗುತ್ತದೆ ಎಂಬುದು ಬಿಳಿಯರ ಬೀದಿಯಲ್ಲಿ ಬೆಳೆದವಳಿಗೂ ಕಪ್ಪು ಜನರ ಬೀದಿಯಲ್ಲಿ ಬೆಳೆದವಳಿಗೂ ಒಂದೇ ಆಗಿ ಕಾಣುವುದಿಲ್ಲ. ಅನುಭವ ಕಲಿಸಿದ ವಿವೇಕ ಇಲ್ಲಿ ತಪ್ಪು ಉತ್ತರವಾಗಿಬಿಡಬಹುದು. ನನ್ನ ಪಾಲಿಗೆ ಇಡೀ ವಿವಾದದ ತಿರುಳು ಇದೇ: ಯಾವ ಬಡಾವಣೆಯ ತಿಳಿವಳಿಕೆ ಈ ವೃತ್ತಿಗೆ ಅತ್ಯಂತ ಅಗತ್ಯವೋ ಅದನ್ನೇ ಪರೀಕ್ಷೆ ಸೋಸಿ ಹೊರಗೆ ಚೆಲ್ಲುತ್ತಿದೆ.

ಈ ಅಂತರ ಪರೀಕ್ಷೆಯಿಂದ ಹುಟ್ಟಿದ್ದಲ್ಲ, ಶಾಲೆ, ಆದಾಯ, ಆರೋಗ್ಯದ ಅಸಮಾನತೆಗಳು ಪರೀಕ್ಷಾ ಕೊಠಡಿಯಲ್ಲಿ ಪ್ರತಿಫಲಿಸುತ್ತಿವೆ ಎಂಬುದು ಒಕ್ಕೂಟದ ಉತ್ತರ. ಅದರಲ್ಲಿ ಸತ್ಯವಿಲ್ಲ ಎನ್ನಲಾರೆ. ಸಾರ್ವಜನಿಕರ ರಕ್ಷಣೆಗೆ ಯಾವುದಾದರೊಂದು ಮಾನದಂಡ ಬೇಕೆಂಬ ಮಾತನ್ನೂ ಒಪ್ಪುತ್ತೇನೆ. ಆದರೆ ಬಾಗಿಲು ಕಾಯುವವರು ತಮ್ಮ ಅಳತೆಗೋಲು ಒಳ್ಳೆಯ ಕೆಲಸಗಾರರನ್ನು ಗುರುತಿಸುತ್ತದೆ ಎಂದು ಮೊದಲು ಸಾಬೀತುಪಡಿಸಬೇಕು. ಅದಾಗದೆ, ಸೋತವರ ಬಾಲ್ಯದತ್ತ ಬೆರಳು ತೋರಿಸುವುದು ಸಮಾಜಕಾರ್ಯಕ್ಕೆ ಒಪ್ಪುವ ನಡೆಯಲ್ಲ. ವರದಿ ಬಂದ ಆರು ತಿಂಗಳಲ್ಲಿ, 2023ರ ಫೆಬ್ರುವರಿಯಲ್ಲಿ, ರಾಷ್ಟ್ರೀಯ ಸಂಘವೇ ಈ ಪರೀಕ್ಷೆಗಳನ್ನು ವಿರೋಧಿಸಿತು. ಇಲಿನಾಯ್ ರಾಜ್ಯ ಅದಕ್ಕೂ ಮೊದಲೇ, 2022ರ ಆರಂಭದಿಂದ, ಸ್ನಾತಕೋತ್ತರ ಪದವೀಧರರ ಮೊದಲ ಹಂತದ ಪರವಾನಗಿಗೆ ಪರೀಕ್ಷೆಯನ್ನು ಕೈಬಿಟ್ಟಿತ್ತು. ಪರವಾನಗಿ ಪಡೆದವರ ಸಂಖ್ಯೆ ಹಲವು ಪಟ್ಟು ಏರಿತು. ರಾಷ್ಟ್ರಮಟ್ಟದಲ್ಲಿ ಮಾತ್ರ ಎಷ್ಟೋ ವರ್ಷಗಳ ಭಾಷಣಗಳಿಂದ ಆಗದ್ದು ಒಂದು ಕೋಷ್ಟಕ ಹೊರಬಿದ್ದ ಮೇಲೆ ಚಲಿಸತೊಡಗಿತು.

ಇದಕ್ಕೆ ಹೋಲಿಸಿದರೆ ಸುಲಭದ ಮದ್ದುಗಳು ಸಪ್ಪೆ. ಪಠ್ಯಕ್ರಮದಲ್ಲಿ ಜನಾಂಗಭೇದ ವಿರೋಧಿ ಅಧ್ಯಾಯ, ವರ್ಷಕ್ಕೊಂದು ತರಬೇತಿ, ಕೊನೆಗೊಂದು ಪ್ರಮಾಣಪತ್ರ. ಇನ್ನೂ ಜನಪ್ರಿಯವಾದ ಪ್ರಯೋಗವೊಂದು ನ್ಯೂಯಾರ್ಕಿನ ನಸಾವು ಕೌಂಟಿಯಲ್ಲಿ ಶುರುವಾಯಿತು. ಮಗುವನ್ನು ಮನೆಯಿಂದ ಬೇರ್ಪಡಿಸಬೇಕೇ ಎಂದು ನಿರ್ಧರಿಸುವ ಸಭೆಗೆ ಫೈಲು ಬರುವ ಮುನ್ನ ಹೆಸರು, ಜನಾಂಗ, ಬಡಾವಣೆಯ ವಿವರಗಳನ್ನು ಅಳಿಸಿಬಿಡುವುದು. ಬೇರ್ಪಟ್ಟ ಮಕ್ಕಳಲ್ಲಿ ಕಪ್ಪು ಮಕ್ಕಳ ಪಾಲು ಐದು ವರ್ಷಗಳಲ್ಲಿ ಶೇ 57ರಿಂದ ಶೇ 21ಕ್ಕೆ ಇಳಿಯಿತು ಎಂದು ಪ್ರಚಾರವಾಯಿತು, 2020ರಲ್ಲಿ ಇಡೀ ರಾಜ್ಯಕ್ಕೆ ಆದೇಶ ಹೋಯಿತು. ಮಿಷಿಗನ್‌ನ ದಾಖಲೆಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಇಂಥ ಸಭೆಗಳಿಂದ ಹೇಳಿಕೊಳ್ಳುವ ಪರಿಣಾಮ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಫೈಲು ಮೇಜಿಗೆ ಬರುವ ಹೊತ್ತಿಗೆ ಯಾರ ಮೇಲೆ ದೂರು ಹೋಗಬೇಕು, ಯಾರ ಮನೆಯ ಬಾಗಿಲು ಬಡಿಯಬೇಕು ಎಂಬುದೆಲ್ಲ ತೀರ್ಮಾನವಾಗಿ ಹೋಗಿರುತ್ತದೆ. ಅಮೆರಿಕದಲ್ಲಿ ಹುಟ್ಟುವ ಕಪ್ಪು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆ 18 ತುಂಬುವುದರೊಳಗೆ ಒಮ್ಮೆಯಾದರೂ ಇಂಥ ತನಿಖೆಗೆ ಒಳಗಾಗುತ್ತದೆ ಎಂದು 2017ರ ಅಧ್ಯಯನವೊಂದು ಅಂದಾಜಿಸಿದೆ. ಎಲ್ಲ ಮಕ್ಕಳ ಸರಾಸರಿ ಶೇ 37. ಫೈಲಿನಿಂದ ಹೆಸರು ಅಳಿಸಿದರೆ ಆ ಬಡಿತದ ಸದ್ದು ಅಳಿಯುವುದಿಲ್ಲ.

ಈ ಚರ್ಚೆ ನಮಗೆ ದೂರದ್ದಲ್ಲ. ಭಾರತದ ಸಮಾಜಕಾರ್ಯ ಶಿಕ್ಷಣದ ಬೇರು ಅಮೆರಿಕದಲ್ಲಿದೆ. ಮುಂಬೈನ ನಾಗಪಾಡಾದಲ್ಲಿ ಸೇವಾಕೇಂದ್ರ ನಡೆಸುತ್ತಿದ್ದ ಅಮೆರಿಕನ್ ಮಿಷನರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ 1936ರಲ್ಲಿ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. 1960ರಲ್ಲಿ ಶುರುವಾದ ಮಂಗಳೂರಿನ ರೋಶನಿ ನಿಲಯದಿಂದ ಹಿಡಿದು ಇಂದು ಜಿಲ್ಲೆಗೊಂದರಂತೆ ಕಾಣುವ ಎಂಎಸ್‌ಡಬ್ಲ್ಯು ವಿಭಾಗಗಳವರೆಗೆ ವ್ಯಕ್ತಿಗತ ಕಾರ್ಯ, ಗುಂಪುಕಾರ್ಯ, ಸಮುದಾಯ ಸಂಘಟನೆ ಎಂಬ ಅಲ್ಲಿನ ಚೌಕಟ್ಟಿನಲ್ಲೇ ಪಾಠ ನಡೆಯುತ್ತಿದೆ. ಅಲ್ಲಿ ಜನಾಂಗ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮಾಡುತ್ತದೆ. ಹುಬ್ಬಳ್ಳಿ, ಗದಗದಲ್ಲಿ ಇಂದಿಗೂ 'ಸೆಟ್ಲಮೆಂಟ್' ಎಂಬ ಹೆಸರಿನ ಬಡಾವಣೆಗಳಿವೆ. ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಕೂಡಿಹಾಕಿ ಹಾಜರಿ ಕರೆದ ಜಾಗಗಳವು. ಅಲ್ಲಿ ನಡೆದದ್ದನ್ನೆಲ್ಲ ಸುಧಾರಣೆ ಎಂದೇ ಕರೆದರು. ಹಣೆಪಟ್ಟಿಯ ಕಾನೂನು 1952ರಲ್ಲಿ ರದ್ದಾಯಿತು, ಅನುಮಾನ ರದ್ದಾಗಿಲ್ಲ.

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಪೆನ್ನು, ಬಲೂನು ಮಾರುವ ಮಕ್ಕಳನ್ನು ರಕ್ಷಣಾ ಕಾರ್ಯಾಚರಣೆಯಲ್ಲಿ ಕರೆದೊಯ್ದಾಗ ಅವರಲ್ಲಿ ಅಲೆಮಾರಿ ಕುಟುಂಬಗಳ ಮಕ್ಕಳೂ ಇರುತ್ತಾರೆ. ಪ್ರಕರಣ ಹೋಗುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು; ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ ಇರಬೇಕು. ಪರಿಶಿಷ್ಟ ಜಾತಿಯವರೋ ಪಂಗಡದವರೋ ಅಲೆಮಾರಿ ಸಮುದಾಯದವರೋ ಒಬ್ಬರಾದರೂ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ. ಮಗುವಿನ ಸಾಮಾಜಿಕ ತನಿಖಾ ವರದಿಯ ನಮೂನೆಯಲ್ಲಿ ಧರ್ಮ ಮತ್ತು ವರ್ಗದ ಕಾಲಂ ಇದೆ, ಕಾರ್ಯಕರ್ತರು ಅದನ್ನು ತುಂಬುತ್ತಲೇ ಇದ್ದಾರೆ. ಜಾತಿವಾರು ಗಣತಿಯ ಬಗ್ಗೆ ದಶಕದಿಂದ ವಾದಿಸುತ್ತಿರುವ ರಾಜ್ಯಕ್ಕೆ ಆ ಕಾಲಂಗಳನ್ನು ಕೂಡಿಸಿ ಜಿಲ್ಲಾವಾರು ಪ್ರಕಟಿಸುವುದು ದೊಡ್ಡ ಕೆಲಸವಲ್ಲ. ಎಷ್ಟು ಮಕ್ಕಳು ಯಾವ ಸಮುದಾಯದವರು, ಅವರಲ್ಲಿ ಎಷ್ಟು ಜನ ಮನೆಗೆ ಮರಳಿದರು, ಎಷ್ಟು ಜನ ಬಾಲಮಂದಿರದಲ್ಲೇ ಉಳಿದರು, ಆ ತೀರ್ಮಾನಕ್ಕೆ ಸಹಿ ಹಾಕಿದ ಸಮಿತಿಯ ಸದಸ್ಯರು ಯಾವ ಹಿನ್ನೆಲೆಯವರು ಎಂಬುದು ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಬರಲಿ. ಅಲೆಮಾರಿ ಮಗುವಿನ ಪ್ರಕರಣ ನಡೆಯುವಾಗ ಆ ಸಮುದಾಯದ ಒಬ್ಬರಿಗೆ ಸಮಿತಿಯ ಮುಂದೆ ಕೂತು ಮಾತನಾಡುವ ಹಕ್ಕು ಸಿಗಲಿ. ಇದಕ್ಕೆ ಕೇಂದ್ರದ ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಸಮಿತಿಯ ಸದಸ್ಯರನ್ನು ನೇಮಿಸುವುದು ರಾಜ್ಯ ಸರ್ಕಾರವೇ.